ಕಾರು ಇಳಿಸುವ ಮುನ್ನ ಟೇಪು ಹಿಡಿಯೋಣ

ಭಾನುವಾರ ಬೆಳಿಗ್ಗೆ ಹುಣಸಮಾರನಹಳ್ಳಿಯಲ್ಲಿ ಇರುವವರಿಗೆ ಅಲಾರಂ ಬೇಕಾಗಿಲ್ಲ. ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟದ ಕಡೆ ಹೊರಟ ಸ್ಪೋರ್ಟ್ಸ್ ಕಾರುಗಳ ಸದ್ದೇ ಸಾಕು. ಟೀ ಅಂಗಡಿ ಮುಂದೆ ನಿಂತ ನಮ್ಮಂಥ ಹುಡುಗರು ಗ್ಲಾಸು ಕೈಯಲ್ಲಿ ಹಿಡಿದೇ ರಸ್ತೆ ಕಡೆ ತಿರುಗುತ್ತೇವೆ. ಕಾರು ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿ ಯಾವ ಕಂಪನಿಯದು ಎಂದು ಹೇಳುವವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ. ನೆಲಕ್ಕೆ ಅಂಟಿಕೊಂಡಂತೆ ಹೋಗುವ ಆ ಕಾರುಗಳನ್ನು ನೋಡಿ ಮನೆಗೆ ಬಂದರೆ, ಬಾಗಿಲ ಮುಂದಿರುವ ಅಪ್ಪನ ಹಳೇ ಹ್ಯಾಚ್‌ಬ್ಯಾಕ್ ಪಂಚೆ ಎತ್ತಿ ಕಟ್ಟಿಕೊಂಡು ನಿಂತ ಹಾಗೆ ಕಾಣುತ್ತದೆ. ಅಲ್ಲಿಂದಲೇ ಶುರುವಾಗುತ್ತದೆ ಮಾತು: 'ಮಗಾ, ಇದನ್ನ ಸ್ವಲ್ಪ ಇಳಿಸಿದ್ರೆ ಹೆಂಗಿರುತ್ತೆ?'

ಕಾರು ಇಳಿಸುವುದು ಅಂದರೆ ಅದರ ಸ್ಪ್ರಿಂಗ್ ಬದಲಿಸಿ ಅಥವಾ ಕತ್ತರಿಸಿ ಬಾಡಿಯನ್ನು ನೆಲಕ್ಕೆ ಎರಡು ಮೂರು ಸೆಂಟಿಮೀಟರ್ ಹತ್ತಿರ ತರುವುದು. ದುಡ್ಡಿದ್ದವರು ಎತ್ತರ ಹೊಂದಿಸಬಹುದಾದ ಕಾಯ್ಲೋವರ್ ಕಿಟ್ ಹಾಕಿಸುತ್ತಾರೆ. ಇಲ್ಲದವರು ಇರುವ ಸ್ಪ್ರಿಂಗನ್ನೇ ಗ್ರೈಂಡರ್‌ನಲ್ಲಿ ಒಂದು ಸುತ್ತು ಕತ್ತರಿಸುತ್ತಾರೆ. ರೀಲ್ಸ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ರಸ್ತೆಯಲ್ಲಿ ಹಾಗಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ತಡವಾಗಿ, ಅದೂ ಇನ್ನೊಬ್ಬರ ದುಡ್ಡಿನಲ್ಲಿ.

ನನ್ನ ಕ್ಲಾಸ್‌ಮೇಟ್ ಒಬ್ಬ ಅವರಪ್ಪನ ಹಳೇ ಕಾರಿನ ಸ್ಪ್ರಿಂಗ್ ಕತ್ತರಿಸಬೇಕೆಂದು ಹೊರಟಾಗ ನನ್ನನ್ನು ಕೇಳಿದ್ದ. ನಾನು ಮೆಕ್ಯಾನಿಕಲ್ ಓದುವವನು. ಪುಸ್ತಕದಲ್ಲಿರುವ ಸೂತ್ರ ಹಾಕಿ, 'ಗುರುತ್ವಕೇಂದ್ರ ಕೆಳಗೆ ಬರುತ್ತೆ, ತಿರುವಿನಲ್ಲಿ ಹಿಡಿತ ಜಾಸ್ತಿ ಆಗುತ್ತೆ, ಮಾಡ್ಸು' ಅಂದೆ. ಕಾರು ನಾಲ್ಕು ಸೆಂಟಿಮೀಟರ್ ಇಳಿಯಿತು. ನೋಡಲು ಚೆನ್ನಾಗಿಯೇ ಇತ್ತು. ಮೂರನೇ ವಾರ ನಾವು ಐದು ಜನ ಅದರಲ್ಲಿ ಕೂತು ಹೊರಟಾಗ ಒಳರಸ್ತೆಯ ಒಂದು ಹಂಪ್ ಮೇಲೆ ಕೆಳಗಿನಿಂದ 'ಟಂಗ್' ಅಂತ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಆಯಿಲ್ ದೀಪ ಹತ್ತಿಕೊಂಡಿತು. 'ಇನ್ನೇನು ಬಂತಲ್ಲ, ಹೋಗೋಣ' ಎಂದು ಹಾಗೇ ಓಡಿಸಿದೆವು. ಬಾಗಲೂರು ಕ್ರಾಸ್ ತಲುಪುವ ಮೊದಲೇ ಎಂಜಿನ್ ಹಿಡಿದುಕೊಂಡು ನಿಂತಿತು. ಹಂಪ್‌ಗೆ ತಗುಲಿ ಆಯಿಲ್ ಚೇಂಬರ್ ಒಡೆದಿತ್ತು.

ರಿಪೇರಿಗೆ 42 ಸಾವಿರ ರೂಪಾಯಿ ಆಯಿತು. ವಿಮೆ ಕಡೆಯಿಂದ ಬಂದ ಸರ್ವೇಯರ್ ಬಗ್ಗಿ ಸ್ಪ್ರಿಂಗ್ ನೋಡಿದರು, ಫೋಟೊ ತೆಗೆದುಕೊಂಡರು. ಕ್ಲೇಮ್ ಸಿಗಲಿಲ್ಲ. ದೀಪ ಹತ್ತಿದ ಮೇಲೂ ಓಡಿಸಿದ್ದು ನಮ್ಮದೇ ತಪ್ಪು, ಅದನ್ನು ಬೇರೆಯವರ ಮೇಲೆ ಹಾಕಲಾರೆ. ಸ್ನೇಹಿತನ ತಂದೆಗೆ ದಿನಸಿ ಅಂಗಡಿ. ಸಾಮಾನು ತರಲು, ವಾರಕ್ಕೆರಡು ಸಲ ಅಜ್ಜಿಯನ್ನು ಯಲಹಂಕದ ಆಸ್ಪತ್ರೆಗೆ ಕರೆದೊಯ್ಯಲು ಇದ್ದದ್ದು ಅದೊಂದೇ ಕಾರು. ಅವರು ಬೈಯಲಿಲ್ಲ. 'ಲೆಕ್ಕ ಹಾಕಿ ಕೊಟ್ಟಿದ್ದು ನೀನಂತಲ್ಲಪ್ಪ?' ಎಂದು ಕೇಳಿದರು, ಅಷ್ಟೇ. ನಾನು 'ಹೌದು ಅಂಕಲ್' ಅಂದೆ. ನನ್ನ ಲೆಕ್ಕ ತಪ್ಪಿರಲಿಲ್ಲ, ಅರ್ಧವಾಗಿತ್ತು. ಈ ಬರಹ ಉಳಿದ ಅರ್ಧದ ಬಗ್ಗೆ.

ಮೊದಲು, ಇಳಿಸುವುದರಿಂದ ಸಿಗುವುದೆಷ್ಟು? ತಿರುವಿನಲ್ಲಿ ಕಾರಿನ ಭಾರ ಒಳಚಕ್ರದಿಂದ ಹೊರಚಕ್ರಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ ಎನ್ನುವುದು ಗುರುತ್ವಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಆ ಎತ್ತರ 55 ಸೆಂ.ಮೀ. ಇದ್ದು, ಕಾರನ್ನು 3 ಸೆಂ.ಮೀ. ಇಳಿಸಿದರೆ ಭಾರದ ವಾಲಿಕೆ ಕಡಿಮೆಯಾಗುವುದು ಶೇ 5ರಷ್ಟು ಮಾತ್ರ. ರೇಸ್ ಟ್ರ್ಯಾಕ್‌ನಲ್ಲಿ ಒಂದೊಂದು ಸೆಕೆಂಡಿಗೆ ಹೋರಾಡುವವರಿಗೆ ಅದು ದೊಡ್ಡ ಲಾಭ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ನಮಗೆ ಸವೆದ ಟೈರ್ ಬದಲಿಸಿ, ಸರಿಯಾಗಿ ಗಾಳಿ ಹಾಕಿಸಿಕೊಳ್ಳುವುದೇ ಅದಕ್ಕಿಂತ ಹೆಚ್ಚಿನ ಹಿಡಿತ ಕೊಡುತ್ತದೆ.

ಕಳೆದುಕೊಳ್ಳುವುದು ಎಷ್ಟು ಎನ್ನುವುದು ಎರಡನೇ ಪ್ರಶ್ನೆ. ಗುಂಡಿಗೆ ಚಕ್ರ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಆ ಹೊಡೆತವನ್ನು ನುಂಗುತ್ತದೆ. ಕುಗ್ಗಲು 8 ಸೆಂ.ಮೀ. ಜಾಗ ಇದ್ದ ಕಡೆ 4 ಸೆಂ.ಮೀ. ಉಳಿದರೆ, ಅಷ್ಟೇ ಹೊಡೆತವನ್ನು ಅರ್ಧ ದೂರದಲ್ಲಿ ತಡೆಯಬೇಕು. ಸ್ಪ್ರಿಂಗ್ ಹಿಡಿದಿಡುವ ಶಕ್ತಿ ಅದು ಕುಗ್ಗಿದ ದೂರದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅರ್ಧ ದೂರದಲ್ಲಿ ಅದೇ ಕೆಲಸ ಮಾಡಲು ಸ್ಪ್ರಿಂಗ್ ಸುಮಾರು ನಾಲ್ಕು ಪಟ್ಟು ಬಿಗಿಯಾಗಿರಬೇಕು. ಆರು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕತ್ತರಿಸಿದರೆ ಬಿಗಿ ಹೆಚ್ಚುವುದು ಶೇ 20 ಮಾತ್ರ. ಉಳಿದ ಹೊಡೆತ ಎಲ್ಲಿಗೆ ಹೋಗುತ್ತದೆ? ರಬ್ಬರಿನ ಬಂಪ್ ಸ್ಟಾಪಿಗೆ, ಅಲ್ಲಿಂದ ಕಾರಿನ ಬಾಡಿಗೆ, ಕೊನೆಗೆ ನಮ್ಮ ಬೆನ್ನಿಗೆ. ಹಳೇ ಸ್ಪ್ರಿಂಗ್‌ಗೆಂದು ಮಾಡಿದ ಶಾಕ್ ಅಬ್ಸಾರ್ಬರ್ ಹೊಸ ಬಿಗಿಗೆ ಹೊಂದುವುದಿಲ್ಲ, ಕಾರು ಕುಪ್ಪಳಿಸುತ್ತದೆ. ಚಕ್ರಗಳ ಕೋನ ಬದಲಾಗಿ ಟೈರ್ ಒಳಗಂಚು ಬೇಗ ಸವೆಯುತ್ತದೆ. ಹಿಂಭಾಗಕ್ಕಿಂತ ಮುಂಭಾಗ ಕಡಿಮೆ ಇಳಿದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಇನ್ನೊಂದು ವಿಷಯ ನನಗೂ ಆಶ್ಚರ್ಯ ತಂದಿತು. ನಮ್ಮ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಕಾರನ್ನು ತೀರಾ ಇಳಿಸಿದರೆ ಗುರುತ್ವಕೇಂದ್ರ ಇಳಿಯುವುದಕ್ಕಿಂತ ವೇಗವಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಬಾಡಿಯನ್ನು ವಾಲಿಸುವ ಬಲ ಹೆಚ್ಚು. ಅಂದರೆ ಸ್ಪ್ರಿಂಗ್ ಸಾಕಷ್ಟು ಬಿಗಿ ಇಲ್ಲದಿದ್ದರೆ, ಇಳಿಸಿದ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಬಹುದು!

ಸಸ್ಪೆನ್ಷನ್ ಅಪ್‌ಗ್ರೇಡ್ ಅಂದರೆ ಇಳಿಸುವುದು ಎಂದೇ ನಾವು ತಿಳಿದಿದ್ದೇವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ರ‍್ಯಾಲಿ ಓಡಿಸುವ ಕರ್ಣ ಕಡೂರ್ ಅವರಂಥವರ ಕಾರುಗಳನ್ನು ನೋಡಿದರೆ ಈ ತಪ್ಪು ಗೊತ್ತಾಗುತ್ತದೆ. ಅಲ್ಲಿ ದುಡ್ಡು ಸುರಿಯುವುದು ಚಕ್ರ ಹೆಚ್ಚು ದೂರ ಮೇಲೆ ಕೆಳಗೆ ಚಲಿಸಲಿ, ಶಾಕ್ ಅಬ್ಸಾರ್ಬರ್ ಬಿಸಿಯಾಗಿ ಸೋಲದಿರಲಿ ಎಂದು. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ರೇಸ್ ಕಾರುಗಳು ನೆಲ ಮುಟ್ಟುವಷ್ಟು ತಗ್ಗು. ಆದರೂ ಆ ಸ್ಪರ್ಧೆಯ ನಿಯಮ ಚಾಲಕ ಕೂತಿರುವಾಗ ಚಕ್ರಕ್ಕೆ ಕನಿಷ್ಠ 50 ಮಿ.ಮೀ. ಚಲನೆ ಇರಲೇಬೇಕು ಎನ್ನುತ್ತದೆ. ತಗ್ಗಾಗಿ ಕಾಣಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಈಗ ಹಂಪ್ ವಿಷಯಕ್ಕೆ ಬರೋಣ. ಘಟನೆ ಆದ ಮುಂದಿನ ಭಾನುವಾರ ನಾನೂ ಸ್ನೇಹಿತನೂ ಟೇಪು ಹಿಡಿದು ಆ ಹಂಪ್ ಬಳಿ ಹೋದೆವು. ಅದು 20 ಸೆಂ.ಮೀ. ಆದರೂ ಇರಬೇಕೆಂದು ನಮ್ಮ ಅಂದಾಜು. ಅಳೆದರೆ ಎತ್ತರ 11 ಸೆಂ.ಮೀ., ಅಗಲ 90 ಸೆಂ.ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಐಆರ್‌ಸಿ 99 ಎಂಬ ಮಾರ್ಗಸೂಚಿಯಲ್ಲಿ ರಸ್ತೆ ಉಬ್ಬಿನ ಅಳತೆ ಕೊಟ್ಟಿದೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, 17 ಮೀಟರ್ ತ್ರಿಜ್ಯದ ಕಮಾನಿನ ಆಕಾರ. ವಾಹನಗಳು ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ದಾಟಲಿ ಎಂದು ಈ ಲೆಕ್ಕ. ಹಾಗಿದ್ದರೆ ನಮ್ಮ ಹಂಪ್ ಎತ್ತರದಲ್ಲಿ ಒಂದೇ ಸೆಂಟಿಮೀಟರ್ ಹೆಚ್ಚು. ಎಡವಟ್ಟು ಇರುವುದು ಎತ್ತರದಲ್ಲಲ್ಲ, ಅಗಲದಲ್ಲಿ.

ಎಲ್ಲೆಲ್ಲೂ ಕಾಣುವ ಮಾರುತಿ ಸ್ವಿಫ್ಟ್ ಕಾರಿನ ಅಳತೆ ಇಟ್ಟುಕೊಂಡು ನೋಡಿ. ಮುಂದಿನ ಹಿಂದಿನ ಚಕ್ರಗಳ ನಡುವೆ 2.45 ಮೀಟರ್, ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. 3.7 ಮೀಟರ್ ಅಗಲದ ಸರಿಯಾದ ಉಬ್ಬಿನ ಮೇಲೆ ಕಾರಿನ ನಾಲ್ಕೂ ಚಕ್ರ ಉಬ್ಬಿನ ಮೇಲೇ ಇರುತ್ತವೆ. ಕಾರೂ ಮೇಲೇರಿರುತ್ತದೆ. ನಡುವೆ ಉಬ್ಬು ಕಬಳಿಸುವುದು ಸುಮಾರು 4.4 ಸೆಂ.ಮೀ. ಮಾತ್ರ. 90 ಸೆಂ.ಮೀ. ಅಗಲದ ದಿಬ್ಬದ ಮೇಲೆ ಹಾಗಲ್ಲ. ಮುಂದಿನ ಚಕ್ರ ಇಳಿದಾಗಿದೆ, ಹಿಂದಿನದು ಇನ್ನೂ ಏರಿಲ್ಲ. ಎರಡೂ ನೆಲದ ಮೇಲೆ, ದಿಬ್ಬ ನಡುವೆ. ಅದು 11 ಸೆಂ.ಮೀ. ಪೂರ್ತಿ ಕಬಳಿಸುತ್ತದೆ. ಉಳಿಯುವುದು 5.3 ಸೆಂ.ಮೀ. ನಾಲ್ಕೈದು ಜನ ಕೂತರೆ ಕಾರು ಸುಮಾರು 4 ಸೆಂ.ಮೀ. ಕುಗ್ಗುತ್ತದೆ. ಅಲ್ಲಿಗೆ ಕಂಪನಿಯಿಂದ ಬಂದ ಹಾಗೇ ಇರುವ ಕಾರಿಗೂ ಉಳಿದದ್ದು ಒಂದು ಸೆಂಟಿಮೀಟರ್ ಚಿಲ್ಲರೆ. ನಾವು 4 ಸೆಂ.ಮೀ. ಇಳಿಸಿದ್ದೆವು. ಇನ್ನು ಚೇಂಬರ್ ಉಳಿಯುವುದು ಹೇಗೆ? ಅದೇ ಇಳಿಸಿದ ಕಾರು, ಅಷ್ಟೇ ಜನರನ್ನು ಹೊತ್ತು, ಮಾನದಂಡದಂತೆ ಕಟ್ಟಿದ ಉಬ್ಬನ್ನು ನಿಧಾನವಾಗಿ ದಾಟಿದ್ದರೆ ಲೆಕ್ಕದ ಪ್ರಕಾರ ಸುಮಾರು 4 ಸೆಂ.ಮೀ. ಉಳಿದಿರುತ್ತಿತ್ತು.

ನಾವು ಅಳೆಯುತ್ತಿದ್ದಾಗ ಎದುರುಮನೆಯ ಅಜ್ಜಿಯೊಬ್ಬರು ಹೊರಗೆ ಬಂದು, 'ಹಂಪ್ ತೆಗ್ಸೋಕೆ ಬಂದಿದ್ದೀರಾ? ಬೇಡ್ರಪ್ಪ. ಅದು ಇಲ್ದಿದ್ದಾಗ ನನ್ನ ಮೊಮ್ಮಗನಿಗೆ ಬೈಕ್ ಗುದ್ದಿತ್ತು' ಅಂದರು. ನನಗೆ ಮಾತು ಹೊರಡಲಿಲ್ಲ. ಆ ದಿಬ್ಬ ಯಾರ ತಲೆಹರಟೆಯೂ ಅಲ್ಲ, ಒಂದು ಬೀದಿಯ ಭಯ. ಹಂಪ್ ತೆಗೆಯುವುದು ಪರಿಹಾರವಲ್ಲ. ಅದನ್ನು ಅಳತೆಗೆ ತಕ್ಕಂತೆ ಕಟ್ಟಿ, ಕಪ್ಪು ಬಿಳಿ ಪಟ್ಟೆ ಬಳಿದು, ಮುಂಚೆಯೇ ಬೋರ್ಡು ಹಾಕುವುದು ಪರಿಹಾರ. ಅಳತೆಯ ಉಬ್ಬು ಮೊಮ್ಮಗನನ್ನೂ ಕಾಯುತ್ತದೆ, ಆಂಬುಲೆನ್ಸ್‌ನಲ್ಲಿ ಮಲಗಿದವರ ಬೆನ್ನನ್ನೂ ಕಾಯುತ್ತದೆ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಸೇರಿತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಆದರೆ ಆರ್‌ಸಿ ತೆಗೆದು ನೋಡಿ. ಬಣ್ಣ, ಎಂಜಿನ್ ಸಾಮರ್ಥ್ಯ, ಸೀಟುಗಳು, ತೂಕ ಇರುತ್ತವೆ. ಗ್ರೌಂಡ್ ಕ್ಲಿಯರೆನ್ಸ್ ಇರುವುದಿಲ್ಲ. ಸ್ಪ್ರಿಂಗ್ ಬಿಗಿ ಎಷ್ಟು ಎಂದೂ ಇರುವುದಿಲ್ಲ. ಬಣ್ಣ ಬದಲಿಸಿದ್ದು ಚೆಕಿಂಗ್‌ನಲ್ಲಿ ತಕ್ಷಣ ಗೊತ್ತಾಗುತ್ತದೆ. ಜೀವಕ್ಕೆ ಸಂಬಂಧಿಸಿದ ಸ್ಪ್ರಿಂಗ್ ಕತ್ತರಿಸಿದ್ದು ಗೊತ್ತಾಗಬೇಕಾದರೆ ಯಾರಾದರೂ ಬಗ್ಗಿ ನೋಡಬೇಕು, ನೋಡಿದ್ದು ಏನೆಂದು ತಿಳಿದಿರಬೇಕು. 2025ರ ಫೆಬ್ರುವರಿಯಲ್ಲಿ ರಾಜ್ಯ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ದಿನ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು. ಅದೇ ವರ್ಷ ಜುಲೈನಲ್ಲಿ ಒಂದು ಫೆರಾರಿಯ ಮಾಲೀಕರಿಂದ ಸುಮಾರು 1.4 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡಿತು. ಒಳ್ಳೆಯ ಕೆಲಸವೇ. ಆದರೆ ಎರಡೂ ತೆರಿಗೆಯ ವಿಷಯ, ಕಾಗದದಲ್ಲೇ ಪತ್ತೆಯಾಗುವಂಥದ್ದು. ಕಾರಿನ ಅಡಿಯಲ್ಲಿ ಏನಿದೆ ಎಂದು ನೋಡುವ ವ್ಯವಸ್ಥೆ ಕಾಗದ ನೋಡುವ ವ್ಯವಸ್ಥೆಯಷ್ಟು ಚುರುಕಾಗಿಲ್ಲ.

ಹೀಗಾಗಿ ನಮ್ಮಲ್ಲಿ ಪರೀಕ್ಷೆಗೊಳಪಟ್ಟ ಒಳ್ಳೆಯ ಕಿಟ್ ಹಾಕಿಸಿದವನೂ, ಗ್ರೈಂಡರ್‌ನಲ್ಲಿ ಸ್ಪ್ರಿಂಗ್ ಕತ್ತರಿಸಿದವನೂ ಒಂದೇ ಅನುಮಾನದ ಸಾಲಿನಲ್ಲಿ ನಿಲ್ಲುತ್ತಾರೆ. ಸಿಕ್ಕಿಬಿದ್ದರೆ ಇಬ್ಬರಿಗೂ ಒಂದೇ ಭಯ, ಸಿಕ್ಕದಿದ್ದರೆ ಇಬ್ಬರಿಗೂ ಒಂದೇ ಸ್ವಾತಂತ್ರ್ಯ. ಎರಡೂ ಒಂದೇ ಅಂದಮೇಲೆ ಕೈಯಲ್ಲಿ ಕಾಸಿಲ್ಲದ ಹುಡುಗ ಯಾವುದನ್ನು ಆರಿಸುತ್ತಾನೆ? ಅಗ್ಗದ್ದನ್ನೇ.

ಬೇರೆ ಕಡೆ ಏನಿದೆ? ಜಪಾನ್‌ನಲ್ಲಿ ಕಾರು ಇಳಿಸುವ ಹುಚ್ಚು ನಮಗಿಂತ ಜೋರು. ಅಲ್ಲಿ ಕನಿಷ್ಠ 9 ಸೆಂ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರಬೇಕೆಂದು ನಿಯಮವಿದೆ, ನಿಯತ ತಪಾಸಣೆಯಲ್ಲಿ ಅಳೆಯುತ್ತಾರೆ. ಜರ್ಮನಿಯಲ್ಲಿ ಸ್ಪ್ರಿಂಗ್ ಕಿಟ್ ಯಾವ ಮಾದರಿ ಕಾರಿಗೆ ಸೂಕ್ತ ಎಂಬ ಪರೀಕ್ಷಾ ವರದಿಯ ಜೊತೆಗೇ ಮಾರಾಟವಾಗುತ್ತದೆ. ಹಾಕಿಸಿದ ಮೇಲೆ ಟ್ಯುಫ್‌ನಂಥ ತಪಾಸಣಾ ಸಂಸ್ಥೆಯವರು ನೋಡಿ ಒಪ್ಪಿದರೆ ಅದು ವಾಹನದ ದಾಖಲೆಗೆ ಸೇರುತ್ತದೆ. ಅಲ್ಲಿ 'ಮಾಡಬೇಡ' ಎನ್ನುವುದರ ಬದಲು 'ಮಾಡಿದ್ದನ್ನು ತೋರಿಸು' ಎನ್ನುತ್ತಾರೆ.

ಜರ್ಮನಿ, ಜಪಾನ್ ಎಂದರೆ 'ನಮ್ಮಲ್ಲಿ ಅದೆಲ್ಲ ಆಗಲ್ಲ ಬಿಡ್ರಿ' ಅನ್ನುವವರಿದ್ದಾರೆ. ನಮ್ಮಲ್ಲಿ ಆಗಲೇ ಆಗಿದೆ. ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸುವುದೂ ಒಂದು ಬದಲಾವಣೆಯೇ. ಸ್ಪ್ರಿಂಗ್‌ಗಿಂತ ಅಪಾಯಕಾರಿ ವಸ್ತು ಅದು, ಡಿಕ್ಕಿಯಲ್ಲಿ ಒತ್ತಡ ತುಂಬಿದ ಸಿಲಿಂಡರ್! ಅದಕ್ಕೆ ಅನುಮೋದಿತ ಕಿಟ್ ಇದೆ, ಅಧಿಕೃತ ಫಿಟ್ಟರ್ ಇದ್ದಾರೆ, ಆರ್‌ಸಿಯಲ್ಲಿ ನಮೂದು ಮಾಡಿಸುವ ಕ್ರಮವಿದೆ. ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಲೂ ಕಾಯ್ದೆಯಲ್ಲಿ ದಾರಿ ಇದೆ. ಅಷ್ಟೇ ಅಲ್ಲ, 2019ರ ತಿದ್ದುಪಡಿ ದಂಡದ ಜೊತೆ ಒಂದು ಬಾಗಿಲನ್ನೂ ತೆರೆದಿದೆ. ವಾಹನಗಳ ಮಾರ್ಪಾಟಿಗೆ ಬೇಕಾದ ನಿರ್ದಿಷ್ಟ ಅಳತೆಗಳನ್ನು, ಅನುಮೋದನೆಯ ಷರತ್ತುಗಳನ್ನು ಕೇಂದ್ರ ಸರ್ಕಾರ ನಿಗದಿ ಮಾಡಬಹುದು ಎಂದು ಸೆಕ್ಷನ್ 52ರಲ್ಲೇ ಸೇರಿಸಲಾಗಿದೆ. ದಂಡದ ಕಲಂ ಎಲ್ಲರಿಗೂ ಗೊತ್ತು, ಈ ಬಾಗಿಲಿನ ಮಾತು ಯಾರೂ ಆಡುವುದಿಲ್ಲ.

ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳಿಗೂ ಸಿಎನ್‌ಜಿ ದಾರಿಯನ್ನೇ ಮಾಡಬಹುದು. ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಕಿಟ್ ಪರೀಕ್ಷೆಯಾಗಲಿ. ಎಷ್ಟು ಇಳಿಸಬಹುದು, ಚಕ್ರಕ್ಕೆ ಕನಿಷ್ಠ ಎಷ್ಟು ಚಲನೆ ಉಳಿಯಬೇಕು ಎಂದು ಮಿಲಿಮೀಟರ್‌ನಲ್ಲಿ ಬರೆಯಲಿ. ಫಿಟ್ ಮಾಡಿದವರು ಅಲೈನ್‌ಮೆಂಟ್, ಹೆಡ್‌ಲೈಟ್ ಕೋನ ನೋಡಿ ಸಹಿ ಹಾಕಲಿ. ಆರ್‌ಸಿಯಲ್ಲಿ ಒಂದು ಸಾಲು ಸೇರಲಿ. ಸ್ಪ್ರಿಂಗ್ ಕತ್ತರಿಸುವುದಕ್ಕೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಇದರಿಂದ ರಾತ್ರಿ ಹೆದ್ದಾರಿಯಲ್ಲಿ ರೇಸ್ ಹಚ್ಚುವವರಿಗೆ ಪ್ರೋತ್ಸಾಹ ಸಿಗುವುದಿಲ್ಲವೇ ಎಂದು ಕೇಳಬಹುದು. ವೇಗದ ಮಿತಿಗೆ, ಕರ್ಕಶ ಸೈಲೆನ್ಸರ್‌ಗೆ ಬೇರೆ ಕಾನೂನುಗಳಿವೆ, ಅವು ಇನ್ನಷ್ಟು ಬಿಗಿಯಾಗಲಿ. ಯಾರ ಕಾರಿಗೆ ಏನು ಹಾಕಿದ್ದಾರೆ ಎಂದು ದಾಖಲೆ ಇದ್ದರೆ ಪೊಲೀಸರಿಗೇ ಅನುಕೂಲ.

ನಮ್ಮಂಥ ಓದುವ, ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಕಾರು ಗುಂಡಿಯಲ್ಲಿ ಹೇಗೆ ವರ್ತಿಸುತ್ತದೆ, ತಿರುವಿನಲ್ಲಿ ಹೇಗೆ ವಾಲುತ್ತದೆ ಎಂದು ಅಧ್ಯಯನ ಮಾಡುವುದು ಒಂದು ಪೂರ್ಣಪ್ರಮಾಣದ ವೃತ್ತಿ, ಹೆಸರು ವೆಹಿಕಲ್ ಡೈನಮಿಕ್ಸ್. ಬೆಂಗಳೂರಿನಲ್ಲೇ ದೊಡ್ಡ ವಾಹನ ಕಂಪನಿಗಳ ಸಂಶೋಧನಾ ಕೇಂದ್ರಗಳಿವೆ, ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ನಡೆಯುವ ಫಾರ್ಮುಲಾ ಭಾರತ್, ಎಸ್‌ಎಇ ಇಂಡಿಯಾ ನಡೆಸುವ ಬಾಹಾ ಸ್ಪರ್ಧೆಗಳಲ್ಲಿ ನಮ್ಮ ರಾಜ್ಯದ ಕಾಲೇಜುಗಳ ತಂಡಗಳು ಭಾಗವಹಿಸುತ್ತವೆ. ಅಲ್ಲಿ ಮೊದಲ ಹಂತವೇ ತಪಾಸಣೆ. ನಿಯಮದ ಪ್ರತಿ ಅಳತೆಗೂ ಹೊಂದದ ಕಾರು ಟ್ರ್ಯಾಕಿಗೆ ಇಳಿಯುವಂತಿಲ್ಲ. ಆ ಶಿಸ್ತನ್ನು ಕಲಿತವರು ಹೊರಗೆ ಬಂದು ಕೆಲಸ ಮಾಡಲು ಅಧಿಕೃತ ಫಿಟ್‌ಮೆಂಟ್ ಕೇಂದ್ರಗಳಿದ್ದರೆ ಐಟಿಐ, ಡಿಪ್ಲೊಮಾ, ಬಿ.ಇ. ಓದಿದ ಎಷ್ಟೋ ಜನರಿಗೆ ಊರಲ್ಲೇ ಅನ್ನ ಸಿಗುತ್ತದೆ. ಈಗ ಅದೇ ಕೌಶಲ ಗ್ಯಾರೇಜಿನ ಹಿಂಭಾಗದಲ್ಲಿ, ಬಿಲ್ ಇಲ್ಲದೆ, ಹೊಣೆ ಇಲ್ಲದೆ ನಡೆಯುತ್ತಿದೆ.

ನಿಯಮ ಬರುವವರೆಗೆ ಏನು ಮಾಡಬೇಕು? ನನ್ನ ಅನುಭವದಿಂದ ಹೇಳುವುದು ಇಷ್ಟೇ. ಕಾರು ಇಳಿಸುವ ಆಸೆ ಬಂದರೆ ಮೊದಲು ನೂರು ರೂಪಾಯಿಯ ಟೇಪು ಕೊಳ್ಳಿ. ಮನೆಯವರನ್ನೆಲ್ಲ ಕೂರಿಸಿ ಕಾರಿನ ಅಡಿ ಎಷ್ಟು ಉಳಿಯುತ್ತದೆ ಅಳೆಯಿರಿ. ನಿಮ್ಮ ಮನೆಯಿಂದ ಮುಖ್ಯರಸ್ತೆಯವರೆಗಿನ ಹಂಪ್‌ಗಳ ಎತ್ತರ, ಅಗಲ ಎರಡನ್ನೂ ಅಳೆಯಿರಿ. ಅಂಥ ಅಳತೆ ಸಿಕ್ಕಿದರೆ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಸ್ಥಳೀಯ ಸಂಸ್ಥೆಗೆ ಬರೆದು ಕೊಡಿ. 'ಹಂಪ್ ಜಾಸ್ತಿಯಾಯ್ತು' ಎಂಬ ದೂರಿಗಿಂತ '3.7 ಮೀಟರ್ ಇರಬೇಕಾದ್ದು 90 ಸೆಂಟಿಮೀಟರ್ ಇದೆ' ಎಂಬ ದೂರಿಗೆ ತೂಕ ಹೆಚ್ಚು. ನಾವೂ ಬರೆದು ಕೊಟ್ಟಿದ್ದೇವೆ. ಉತ್ತರಕ್ಕೆ ಕಾಯುತ್ತಿದ್ದೇವೆ.

ಸ್ನೇಹಿತನ ಕಾರಿಗೆ ಈಗ ಮೊದಲಿನಂಥದೇ ಹೊಸ ಸ್ಪ್ರಿಂಗ್ ಬಂದಿದೆ. 42 ಸಾವಿರದಲ್ಲಿ ನನ್ನ ಪಾಲೆಂದು ನಾನು ಒಪ್ಪಿಕೊಂಡ 10 ಸಾವಿರ ರೂಪಾಯಿಯನ್ನು ಟ್ಯೂಷನ್ ಹೇಳಿ ಕಂತಿನಲ್ಲಿ ತೀರಿಸುತ್ತಿದ್ದೇನೆ. ಎರಡು ಕಂತು ಮುಗಿದಿದೆ. ಕಳೆದ ತಿಂಗಳು ದುಡ್ಡು ಕೊಡಲು ಅಂಗಡಿಗೆ ಹೋದಾಗ ಅಂಕಲ್ ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡು, 'ಅಜ್ಜಿ ಜೊತೆ ಇವತ್ತು ಆಸ್ಪತ್ರೆಗೆ ನೀನೂ ಹೋಗಿ ಬಾ. ಹಂಪ್ ಎಲ್ಲೆಲ್ಲಿದೆ ಅಂತ ನಿನಗೆ ಚೆನ್ನಾಗಿ ಗೊತ್ತಲ್ಲ' ಅಂದರು.